ನಾಲ್ವರ ಹೆಸರಿನಲ್ಲಿ ಅರ್ಚನೆ

ವಿಜಯನಗರದ ಬ್ಯಾಂಕೊಂದರಲ್ಲಿ ಮನೆಸಾಲ ನೋಡಿಕೊಳ್ಳುವವನು ನಾನು. ಬಡ್ಡಿ ಏರಿದರೆ ನಾವು ಕಂತನ್ನು ಹೆಚ್ಚಿಸುವುದಿಲ್ಲ, ವರ್ಷಗಳನ್ನು ಹೆಚ್ಚಿಸುತ್ತೇವೆ. ಹಾಗಾಗಿ ಹೊಸಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಗೌರಮ್ಮನವರ ಸಾಲ ಈಗ ಅವರಿಗೆ ಎಪ್ಪತ್ತೊಂದು ತುಂಬಿದಾಗಷ್ಟೇ ತೀರುತ್ತದೆ.

“ಅಲ್ಲೀವರೆಗೂ ಸೂಜಿಗೆ ದಾರ ಪೋಣಿಸೋಕಾಗುತ್ತಾ ಸಾರ್?” ಎಂದರು.

ಬಡ್ಡಿ ನಮ್ಮ ಕೈಲಿಲ್ಲಮ್ಮ, ಮುಂಬೈಯಲ್ಲಿ ಕೇಂದ್ರ ಬ್ಯಾಂಕಿನ ಆರು ಜನರ ಸಮಿತಿ ಮತ ಹಾಕಿ ತೀರ್ಮಾನಿಸುತ್ತೆ, ಈ ಸಲ ಇಬ್ಬರು ಇಳಿಸೋಣ ಅಂದರು, ನಾಲ್ವರು ಬೇಡ ಅಂದರು ಎಂದೆ.

“ಹೆಸರು ಬರ್ಕೊಡಿ. ಸೋಮವಾರ ಅರ್ಚನೆ ಮಾಡಿಸ್ತೀನಿ.”

ಯಾರ ಮತ ಯಾವ ಕಡೆಗೆ ಎಂಬುದು ಗುಟ್ಟೇನಲ್ಲ, ಸಭೆಯ ನಡಾವಳಿಯಲ್ಲೇ ಇರುತ್ತದೆ. ಇಳಿಸೋಣ ಎಂದ ಇಬ್ಬರ ಹೆಸರು ಬರೆದುಕೊಟ್ಟೆ. ಗೌರಮ್ಮ ಚೀಟಿಯನ್ನು ವಾಪಸ್ ತಳ್ಳಿದರು.

“ಇವರಿಗೆ ದೇವರು ಆಗಲೇ ಒಳ್ಳೆ ಬುದ್ಧಿ ಕೊಟ್ಟಿದಾನೆ. ಆ ನಾಲ್ಕು ಜನದ ಹೆಸರು ಕೊಡಿ.”

ತಲೆ ತಗ್ಗಿಸಿ ಬರೆದೆ. ಅವರು ಚೀಟಿಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಓದಿ, ನಕ್ಷತ್ರ ಕೇಳಿದರು. ತರಕಾರಿ ಬೆಲೆಯಿಂದ ಮುಂಗಾರಿನವರೆಗೆ ಎಲ್ಲವನ್ನೂ ನಡಾವಳಿಯಲ್ಲಿ ಬರೆದ ಆ ಪಂಡಿತರು, ತಮ್ಮ ನಕ್ಷತ್ರವೊಂದನ್ನು ಬರೆಯಲು ಮರೆತಿದ್ದರು.