ಸ್ಟಾರ್ಟರಿಗೆ ನಾನು ಸಿಕ್ಕಿಸಿದ ಕಡ್ಡಿ

ಮೇವು ಕತ್ತರಿಸುವ ಮಿಷಿನ್ ನಡುವೆಯೇ ನಿಂತುಹೋಯಿತು. ಕರೆಂಟು ಹೋಗಿತ್ತು.

ಅದರ ಬಾಯಲ್ಲಿ ಜೋಳದ ದಂಟು ಸಿಕ್ಕಿಕೊಂಡಿತ್ತು. ನನ್ನ ವಾರಗಿತ್ತಿ ಸುಶೀಲ ಎಳೆಯಲು ಬಲಗೈ ಹಾಕಿದಳು.

ಕರೆಂಟು ಬಂತು. ಮಿಷಿನ್ ತಾನಾಗಿಯೇ ತಿರುಗಿತು…

ಓಡಿಹೋಗಿ ಸ್ಟಾರ್ಟರಿನ ಕೆಂಪು ಬಟನ್ ಒತ್ತಿದೆ. ನಿಲ್ಲಲಿಲ್ಲ. ಹಸಿರು ಬಟನ್ನಿಗೆ ಸಿಕ್ಕಿಸಿದ್ದ ಬಿದಿರು ಕಡ್ಡಿ ಕಿತ್ತ ಮೇಲೆ ನಿಂತಿತು.

ಆ ಕಡ್ಡಿ ಸಿಕ್ಕಿಸಿದ್ದವಳು ನಾನೇ.

ನಮ್ಮ ಕೊಪ್ಪದ ಕಡೆ ವೋಲ್ಟೇಜ್ ಕಮ್ಮಿಯಾದರೆ ಸ್ಟಾರ್ಟರ್ ಗುರ್ ಎಂದು ಬಿಟ್ಟುಬಿಡುತ್ತದೆ, ಮಿಷಿನ್ ನಿಲ್ಲುತ್ತದೆ. ಹಸಿರು ಬಟನ್ ಒತ್ತಿ ಒತ್ತಿ ಸಾಕಾಗಿ, ಅದು ಒತ್ತಿಕೊಂಡೇ ಇರಲಿ ಎಂದು ಎಷ್ಟೋ ಮನೆಗಳಲ್ಲಿ ಹೀಗೆ ಕಡ್ಡಿ ಸಿಕ್ಕಿಸುತ್ತಾರೆ. ಸ್ಟಾರ್ಟರ್ ಗೋಡೆಯ ಆಚೆ ಇರುವುದರಿಂದ ಸುಶೀಲಳಿಗೆ ಗೊತ್ತಿರಲಿಲ್ಲ.

ಮಂಡ್ಯದ ಆಸ್ಪತ್ರೆಯಿಂದ ಬಂದಾಗ ಅವಳಿಗೆ ಮೂರು ಬೆರಳು ಇರಲಿಲ್ಲ.

"ಮಿಷಿನ್ ಬಾಯ್ಗೆ ಕೈ ಇಕ್ತಾಳಲ್ಲ, ಗ್ಯಾನ ಎಲ್ಲಿಟ್ಟಿದ್ಲು?" ಎಂದು ಅತ್ತೆ ಬೈದರು. ಅವಳ ಗಂಡನೂ ಬೈದ. ಅವಳು ತಲೆ ತಗ್ಗಿಸಿ ನನ್ನ ಹತ್ತಿರ, "ನಂದೇ ತೆಪ್ಪು ಕಣಕ್ಕ" ಎಂದಳು.

ಕಡ್ಡಿಯನ್ನು ಅವತ್ತೇ ಒಲೆಗೆ ಹಾಕಿದ್ದೆ.

ಹದಿನೈದು ದಿನ ಬಿಟ್ಟು ಮದ್ದೂರಿನಿಂದ ರಿಪೇರಿಯವರು ಬಂದು ಸ್ಟಾರ್ಟರ್ ಬಿಚ್ಚಿದರು. ಒಳಗೆ ತಾಮ್ರದ ತಂತಿಯ ಒಂದು ಸುರುಳಿ.

"ಇದ್ರಲ್ಲಿ ಕರೆಂಟು ಅರೀತಿದ್ರೆ ಅಯಸ್ಕಾಂತ ಆಯ್ತದೆ ಕಣಮ್ಮ, ಈ ಕಬ್ಣದ ಪಟ್ಟಿ ಇಡ್ಕತದೆ, ಮಿಷಿನ್ ಓಡ್ತದೆ. ಕರೆಂಟು ಓದ್ರೆ ಅಯಸ್ಕಾಂತನೂ ಓಯ್ತು, ಪಟ್ಟಿ ಬುಟ್ಬುಡ್ತದೆ. ಮತ್ತೆ ಯಾರಾದ್ರೂ ಒತ್ತಗಂಟ ಮಿಷಿನ್ ಓಡಾಕಿಲ್ಲ. ತಾನೇ ಓಡ್ತು ಅಂದ್ರೆ ಯಾರೋ ಕಡ್ಡಿ ಇಕ್ಕವ್ರೆ."

ಹೇಳಿ ನನ್ನ ಮುಖ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಅದು ಬಿಟ್ಟುಬಿಡುವುದೇ ಅದರ ರೋಗ ಎಂದುಕೊಂಡಿದ್ದೆ. ನಮ್ಮ ಕೈ ಉಳಿಸಲೆಂದೇ ಅದು ಬಿಡುತ್ತಿತ್ತು!

ಸಂಜೆ ಎಲ್ಲರೂ ಕೂತಿದ್ದಾಗ ಹೇಳಿಬಿಟ್ಟೆ… ಕಡ್ಡಿ ಇಟ್ಟವಳು ನಾನು ಎಂದು.

"ಇಷ್ಟ್ ದಿನ ಬಾಯ್ಗೆ ಬೀಗ ಇಕ್ಕಂಡಿದ್ಯೇನೇ?" ಅತ್ತೆ ಕೂಗಾಡಿದರು.

ಸುಶೀಲ ನನ್ನನ್ನೇ ನೋಡಿದಳು. "ಅಂಗಾರೆ… ನಂದಲ್ವಾ ಅಕ್ಕ ತೆಪ್ಪು?"

ಆಸ್ಪತ್ರೆಯಲ್ಲೂ ಅಳದವಳು ಆಗ ಅತ್ತಳು. ಆಮೇಲೆ ಎದ್ದು ಒಳಗೆ ಹೋದಳು. ಇವತ್ತಿಗೂ ನನ್ನೊಂದಿಗೆ ಮಾತಿಲ್ಲ. ಎಡಗೈಯಲ್ಲಿ ಊಟ ಮಾಡುವುದನ್ನು ಕಲಿಯುತ್ತಿದ್ದಾಳೆ.

ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದ ಆ ಹದಿನೈದು ದಿನವೂ ನಾನು ಅವಳ ಹೆಸರಿನಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಿಜ ಮುಚ್ಚಿಟ್ಟುಕೊಂಡು ಹಚ್ಚಿದ ದೀಪ ಅವನಿಗೆ ಮುಟ್ಟಿರುತ್ತದೆ ಅಂತೀರಾ?