ರಾಣಿಯ ಐಬುಗಳು

ಮೂಕ ಸಿನೇಮಾದ ಕಾಲವನ್ನು ಈಗಿನವರು ಬಾಯ್ತುಂಬ ಹೊಗಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೊಗಳುವವರಲ್ಲಿ ಒಬ್ಬನೂ ಆ ಚಿತ್ರಗಳನ್ನು ನೋಡಿದವನಲ್ಲ. ನಾನು ನೋಡಿದ್ದೇನೆ. ಬೆಳಗಾವಿಯಲ್ಲಿ ಕಾರಕೂನನಾಗಿದ್ದ ಆ ದಿನಗಳಲ್ಲಿ ಊರಿಗೆ ಬಂದ ಒಂದು ಚಿತ್ರವನ್ನೂ ಬಿಟ್ಟವನಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ಶುದ್ಧ ಕಸ. ರಥ ನಿಂತಲ್ಲೇ ನಿಂತಿರುತ್ತಿತ್ತು, ಹಿಂದಿನ ಬಟ್ಟೆಯ ಗುಡ್ಡ ಓಡುತ್ತಿತ್ತು. ಋಷಿ ಶಾಪ ಕೊಡುವ ಹೊತ್ತಿಗೇ ಅವನ ಗಡ್ಡ ಒಂದು ಕಡೆ ಕಿತ್ತು ನೇತಾಡುತ್ತಿತ್ತು. ಪರದೆಯ ಪಕ್ಕದಲ್ಲಿ ಕಥೆ ಕೂಗಿ ಹೇಳುವವನೊಬ್ಬ ನಿಂತಿರುತ್ತಿದ್ದ. ಅವನು ಮರಾಠಿಯಲ್ಲಿ ಒಂದು ಹೇಳಿ ಕನ್ನಡದಲ್ಲಿ ಇನ್ನೊಂದು ಹೇಳುತ್ತಿದ್ದ. ಪರದೆಯ ಮೇಲೆ ನಡೆಯುತ್ತಿದ್ದುದು ಮೂರನೆಯದು. ಹಾಗಾದರೆ ಯಾಕೆ ಹೋಗುತ್ತಿದ್ದಿರಿ ಎಂದು ಕೇಳಬೇಡಿ. ಬೈಯುವುದಕ್ಕೆ ಹೋಗುತ್ತಿದ್ದೆ.

ಬೈಯುವವರು ನಾವು ಮೂವರಿದ್ದೆವು: ಖಾಸಬಾಗದ ಒಬ್ಬ ಶಿಂಪಿಗ, ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ, ಮತ್ತು ನಾನು. ರವಿವಾರ ಊಟವಾದ ಮೇಲೆ ಶಿಂಪಿಗನ ಅಂಗಡಿಯ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಅಲ್ಲಿ ನಮ್ಮದೊಂದು ಆಟವಿತ್ತು. ಒಬ್ಬನು ಮನಸ್ಸಿನಲ್ಲಿ ಒಂದು ಕೆಟ್ಟ ಚಿತ್ರವನ್ನು ಇಟ್ಟುಕೊಳ್ಳಬೇಕು, ಉಳಿದವರು ಅದರ ಹೆಸರು ಹೇಳಬೇಕು. ಗುರುತಿಗೆಂದು ಕಥೆ ಹೇಳುವಂತಿಲ್ಲ, ನಟರ ಹೆಸರು ಎತ್ತುವಂತಿಲ್ಲ. ಬರೀ ಐಬು ಹೇಳಬೇಕು.

"ಕುದರಿ ಸಾಯತೈತಿ. ಸತ್ತ ಮ್ಯಾಲ ಬಾಲ ಅಳ್ಳಾಡಸತೈತಿ," ಎಂದು ಗುಮಾಸ್ತ ಶುರು ಮಾಡಿದರೆ ನಾನು ತಟ್ಟನೆ "ಶಾಪದ ಬಾಸಿಂಗ!" ಎನ್ನುತ್ತಿದ್ದೆ. ಶಿಂಪಿಗ ಮಾತ್ರ ಹೊಲಿಗೆಯ ಐಬುಗಳನ್ನೇ ಹೇಳುತ್ತಿದ್ದ. "ದೇವೇಂದ್ರನ ಅಂಗಿಗಿ ಮೂರು ಗುಂಡಿ, ಕಾಜಾ ಎರಡ. ಸ್ವರ್ಗಕ್ಕ ಒಬ್ಬ ಛಲೋ ಶಿಂಪಿಗರೆ ಸತ್ತು ಹೋಗಿಲ್ಲೇನ್ರಿ?" ಅವನ ಬಾಯಿ ಅವನ ಕತ್ತರಿಗಿಂತ ಹರಿತ. ಹೆಂಡತಿಯ ಅಡುಗೆಯಿಂದ ಹಿಡಿದು ಗಿರಾಕಿಯ ಹೊಟ್ಟೆಯವರೆಗೆ ಅವನಿಗೆ ಐಬಿಲ್ಲದ್ದು ಈ ಲೋಕದಲ್ಲಿ ಕಂಡಿರಲಿಲ್ಲ. ಆಟಕ್ಕೆ ಇನ್ನೊಂದು ನಿಯಮವೂ ಇತ್ತು. ಹೇಳುವವನನ್ನು ಬಿಟ್ಟು, ಕೂತವರಲ್ಲಿ ಒಬ್ಬರಾದರೂ ಆ ಚಿತ್ರವನ್ನು ನೋಡಿರಬೇಕು. ಯಾರೂ ನೋಡಿರದಿದ್ದರೆ ಅದು ರದ್ದು.

ಒಂದು ವರ್ಷ ಮಳೆ ಮುಗಿದ ಮೇಲೆ ನಾಲ್ಕನೆಯವನೊಬ್ಬ ಬಂದು ಸೇರಿಕೊಂಡ. ಖಾನಾಪುರದವನು, ಅಲ್ಲಿಯ ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದ. ಕೋಟು ಹೊಲಿಸಲು ಬಂದವನು ನಮ್ಮ ಆಟ ಕೇಳಿ ಕಟ್ಟೆಯ ತುದಿಯಲ್ಲಿ ಕೂತ. ಕೋಟು ಮುಗಿದ ಮೇಲೂ ರವಿವಾರದ ಗಾಡಿಗೆ ಬರುವುದನ್ನು ಬಿಡಲಿಲ್ಲ. ಇಬ್ಬರಿಗೆ ಸಾಲುವಷ್ಟು ದಪ್ಪ ಮೀಸೆ. ಒಂದು ಹೆಸರನ್ನೂ ಊಹಿಸುತ್ತಿರಲಿಲ್ಲ. ನಾವು ನಕ್ಕಾದ ಮೇಲೆ ನಗುತ್ತಿದ್ದ. ಪ್ರತಿ ಹೊಸ ಐಬಿಗೂ ಮೈಯೆಲ್ಲ ಕಿವಿಯಾಗುತ್ತಿದ್ದ, ಹೆಸರು ಹೊರಬಿದ್ದೊಡನೆ ಸಪ್ಪಗಾಗುತ್ತಿದ್ದ. ನಾನು ಅವನನ್ನು ಪೆದ್ದ ಎಂದೇ ತಿಳಿದಿದ್ದೆ.

ಒಂದು ರವಿವಾರ ಶಿಂಪಿಗ ಅವನನ್ನು ಹಿಡಿದುಕೊಂಡ. "ಏನ್ರಿ, ಬರೇ ನಮ್ಮ ಐಬು ಉಂಡು ಕೈ ತೊಳಕೊಂಡು ಹೋಗ್ತೀರಿ. ನೀವೂ ಒಂದು ಬಡಸ್ರಿ."

ಅವನು ಕಟ್ಟೆಯ ತುದಿಯಿಂದ ನಮ್ಮ ಹತ್ತಿರ ಸರಿದು ಕೂತ. ಆಮೇಲೆ, "ರಾಣಿ ನತ್ತು ಒಮ್ಮಿ ಎಡಕ್ಕ ಇರತೈತಿ, ಒಮ್ಮಿ ಬಲಕ್ಕ," ಎಂದ.

"ಮಾಯಾ ಕಂಬಳಿ!" ಎಂದೆ. ಅಲ್ಲವಂತೆ.

"ರಾಣಿ ಗಲ್ಲದ ಮ್ಯಾಲಿನ ಪೌಡರ ಬಿರತು ಗಡ್ಡ ಕಾಣತೈತಿ."

"ಯಾವ ರಾಣೀದು ಕಂಡಿಲ್ಲ ಹೇಳ್ರಿ?" ಎಂದ ಗುಮಾಸ್ತ. ಆತ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾನವಂತರ ಮನೆಯ ಹೆಣ್ಣುಮಕ್ಕಳು ಸಿನೇಮಾದ ಹತ್ತಿರ ಸುಳಿಯದ ಕಾಲ ಅದು. ಗಂಡಸರೇ ಸೀರೆ ಉಟ್ಟು ಸೀತೆ, ದ್ರೌಪದಿಯರಾಗಿ ನಮ್ಮ ಪ್ರಾಣ ತಿನ್ನುತ್ತಿದ್ದರು.

"ರಾಣಿ ಬಾವ್ಯಾಗ ಜಿಗೀತಾಳ. ಬಾವಿ ಮೊಣಕಾಲುದ್ದ. ಸೀರಿ ಅರ್ಧಾನೂ ತೊಯ್ಯಂಗಿಲ್ಲ."

ನಮಗೆ ತಿಳಿದ ಹೆಸರುಗಳೆಲ್ಲ ಮುಗಿದವು. ಅವನು ಬಿಡಲಿಲ್ಲ. "ಇನ್ನೊಂದು ಹೇಳ್ತೀನ್ರಿ. ಬೆಂಕಿಯೊಳಗ ಹೋಗೂ ಮುಂದ ರಾಣಿ ಬೆಂಕಿ ಕಡೆ ನೋಡಂಗಿಲ್ಲ, ಬಾಜೂಕ ನೋಡತಾಳ. ಯಾಕಂದ್ರ ಅಲ್ಲಿ ನಿಂತಾಂವ 'ಇನ್ನೂ ಒಳಗ ಹೋಗು, ಇನ್ನೂ ಒಳಗ ಹೋಗು' ಅಂತ ಒದರತಿದ್ದ."

ಗುಮಾಸ್ತ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿದ. "ಮೂಕ ಸಿನೇಮಾದಾಗ ಅಂವಾ ಒದರಿದ್ದು ನಿಮಗ ಹೆಂಗ ಕೇಳಿಸ್ತರಿ?"

ಖಾನಾಪುರದವನ ಕೈ ತಾನಾಗಿಯೇ ಮೀಸೆಗೆ ಹೋಯಿತು. "ಆ ರಾಣಿ ನಾನರಿ. ಸಿನೇಮಾದ ಹೆಸರು ನಾಗಲೋಕದ ನತ್ತು."

ನಾವು ಬಿದ್ದು ಬಿದ್ದು ನಕ್ಕೆವು. ಆ ಮೀಸೆಯ ಮೇಲೆ ನತ್ತನ್ನು ನೆನೆಸಿಕೊಂಡರೆ ಯಾರಿಗೆ ನಗು ಬಾರದು? ಅವನು ನಮ್ಮ ನಗು ನಿಲ್ಲುವವರೆಗೆ ಕಾದು, ಉಳಿದದ್ದನ್ನು ಹೇಳಿದ. ಕೊಲ್ಲಾಪುರದ ಕಡೆಯ ಒಂದು ಸಿನೇಮಾ ಕಂಪನಿಗೆ ಮನೆಯಲ್ಲಿ ಹೇಳದೆ ಹೋಗಿದ್ದನಂತೆ. ರಾಣಿಯ ಪಾತ್ರಕ್ಕೆಂದು ಅಲ್ಲಿ ಮೀಸೆ ಬೋಳಿಸಿದರು. ಅವರ ಮನೆತನದಲ್ಲಿ ಮಗ ಮೀಸೆ ತೆಗೆಯುವುದು ಅಪ್ಪ ಸತ್ತಾಗ. ಇವನು ಬೋಳು ಮುಖ ಹೊತ್ತು ಊರಿಗೆ ಮರಳಿದ ದಿನ ಅಪ್ಪ ಅಂಗಳದಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದ. ಮಗನ ಮುಖ ನೋಡಿ, "ನಾ ಸತ್ತೆ ಅಂತ ತಗಿಸಿದಿ. ಆತು, ಸತ್ತೆ," ಎಂದನಂತೆ. ಅಂದಿನಿಂದ ಒಂದೇ ಸೂರಿನ ಕೆಳಗಿದ್ದರೂ ಅಪ್ಪ ಅವನೊಡನೆ ಮಾತಾಡಿಲ್ಲ. ಆ ಚಿತ್ರವೂ ಈ ಕಡೆ ಬರಲಿಲ್ಲ, ಕಂಪನಿಯೂ ಮುಳುಗಿತು. ಸಿನೇಮಾ ಎಂಬುದೇ ಸುಳ್ಳು, ಎಲ್ಲೋ ಮಾಡಬಾರದ್ದು ಮಾಡಿ ಬೋಳಿಸಿಕೊಂಡು ಬಂದ ಎಂದು ಓಣಿಯವರು ಅಪ್ಪನ ಕಿವಿ ತುಂಬಿದರು.

"ನೋಡೇನಿ ಅಂತ ಒಬ್ಬರರೆ ಅಂದ್ರ ಸಾಕಿತ್ರಿ," ಎಂದ. "ಅದಕ್ಕ ಇಲ್ಲಿ ಬಂದು ಕುಂದರತಿದ್ದೆ. ಬೈಯಾಕರೆ ಯಾರರೆ ಅದರ ಹೆಸರು ತಗೀತೀರೇನೋ ಅಂತ."

ಗುಮಾಸ್ತನಿಗೆ ನಿಯಮ ಎಂದರೆ ರೇಲ್ವೆಯ ಕಾನೂನು. "ಯಾರೂ ನೋಡಿಲ್ಲಂದ ಮ್ಯಾಲ ಇದು ರದ್ದು," ಎಂದುಬಿಟ್ಟ. ಖಾನಾಪುರದವನು ಟೋಪಿ ಎತ್ತಿಕೊಂಡು ಎದ್ದ.

"ಯಾಂವ ಹೇಳ್ಯಾನ ರದ್ದು ಅಂತ?" ಶಿಂಪಿಗ ಗದರಿದ. "ನಾ ನೋಡೀನಿ. ಕೊಲ್ಲಾಪುರದಾಗ."

ಶಿಂಪಿಗ ಜನ್ಮದಲ್ಲಿ ಕೊಲ್ಲಾಪುರದ ಮುಖ ಕಂಡವನಲ್ಲ. ಅವನ ಹೆಂಡತಿಯ ತವರು ಕೂಡ ಖಾಸಬಾಗದಲ್ಲೇ, ಎರಡು ಓಣಿ ಆಚೆ. ಹೆಸರು ಹೇಳಲಾಗದೆ ಸೋತದ್ದು ಅವನಿಗೆ ಸೇರಲಿಲ್ಲ, ಅದಕ್ಕೇ ಬುರುಡೆ ಬಿಟ್ಟ ಎಂದು ನಾನು ಭಾವಿಸಿದೆ. ಆದರೆ ಖಾನಾಪುರದವನು ಅವನ ಎರಡೂ ಕೈ ಹಿಡಿದುಕೊಂಡ. "ನಮ್ಮಪ್ಪನ ಮುಂದ ಬಂದು ಇದನ್ನ ಹೇಳ್ತೀರೇನ್ರಿ?"

ಮುಂದಿನ ರವಿವಾರ ಶಿಂಪಿಗ ಖಾನಾಪುರದ ಗಾಡಿ ಹತ್ತಿದ. ಅವನ ಸುಳ್ಳು ಬಯಲಾಗುವುದನ್ನು ಕಣ್ಣಾರೆ ನೋಡಲು ನಾನೂ ಹತ್ತಿದೆ. ಗುಮಾಸ್ತನಿಗೆ ಪಾಳಿ ಇತ್ತು.

ಅಪ್ಪ ಹೆಂಚಿನ ಭಟ್ಟಿ ಇಟ್ಟವನು. ಅಂಗಳದ ತುಂಬ ಒಣಗಲು ಇಟ್ಟ ಹಸಿ ಹೆಂಚು, ಮನೆಯ ಬಾಗಿಲು, ಗೋಡೆ, ಮುದುಕನ ಧೋತರ ಎಲ್ಲ ಕೆಂಪು. "ಬರ್ರಿ, ಕುಂದರ್ರಿ," ಎಂದು ನಮ್ಮನ್ನು ಮರ್ಯಾದೆಯಿಂದಲೇ ಕರೆದ. ಮಗ ನೀರಿನ ತಂಬಿಗೆ ತಂದಾಗ ಮಾತ್ರ ಗೋಡೆಯ ಕಡೆ ತಿರುಗಿ, "ತಂಬಗಿ ಅಲ್ಲಿಡಾಕ ಹೇಳ್ರಿ," ಎಂದ. ಹೇಳಬೇಕಾದವನು ಯಾರು, ನಾನೋ ಗೋಡೆಯೋ, ತಿಳಿಯಲಿಲ್ಲ. ಮಗ ತಂಬಿಗೆ ಇಟ್ಟು ಬಾಗಿಲಲ್ಲಿ ನಿಂತ.

"ಅಜ್ಜಾರ, ನಿಮ್ಮ ಮಗನ ಸಿನೇಮಾ ನಾ ನೋಡೀನಿ," ಎಂದು ಶಿಂಪಿಗ ಆರಂಭಿಸಿದ. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬುದ್ಧಿ ಇದ್ದವನಾದರೆ ಇನ್ನು ಎರಡು ಒಳ್ಳೆಯ ಮಾತು ಹೇಳಿ, ನೀರು ಕುಡಿದು ಎದ್ದು ಬರುತ್ತಿದ್ದ. ಆದರೆ ಸಿನೇಮಾದ ವಿಷಯದಲ್ಲಿ ಒಳ್ಳೆಯ ಮಾತು ನಮ್ಮ ಕಟ್ಟೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. "ಏನು ಹೊಲಸು ರಾಣಿ ಅಂತೀರಿ!" ಎಂದು ಅವನ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು. ನತ್ತು ಎಡದಿಂದ ಬಲಕ್ಕೆ ಹೋಯಿತು. ಗಡ್ಡ ಕಂಡಿತು. ಬಾವಿ ಮೊಣಕಾಲುದ್ದವಾಯಿತು. ಮಗನ ಬಾಯಿಂದ ಕೇಳಿದ್ದು ಮುಗಿದ ಮೇಲೆ ಸ್ವಂತದವು ಹೊರಟವು: ರಾಣಿಯ ಕುಪ್ಪಸದ ತೋಳು ತಿರುವುಮುರುವು, ರಾಣಿ ನಡೆದರೆ ಎತ್ತು ನಡೆದಂತೆ, ರಾಣಿ ಕೂಸನ್ನು ಎತ್ತಿಕೊಂಡರೆ ಸೌದೆ ಹೊರೆ ಎತ್ತಿದಂತೆ. ನಾನು ಅವನ ತೊಡೆ ಚಿವುಟಿದೆ. ಬಾಗಿಲಲ್ಲಿ ನಿಂತವನ ಮುಖ ಬಿಳಿಚಿಕೊಂಡಿತ್ತು. ಇಂಥ ಸಾಕ್ಷಿಗಿಂತ ಸಾಕ್ಷಿ ಇಲ್ಲದಿರುವುದೇ ವಾಸಿ ಎಂದುಕೊಂಡೆ.

"ಸಾಕ ಮಾಡ್ರಿ," ಎಂದ ಮುದುಕ.

ಶಿಂಪಿಗ ನಿಲ್ಲಿಸಿದ.

"ಕೂಸು ಎತಗೊಳ್ಳಾಕ ಬರಂಗಿಲ್ಲ ಅಂದಿ?" ಮುದುಕ ಕೂತಲ್ಲಿಂದ ಎದ್ದ. ಬಹುವಚನ ಹೋಗಿಬಿಟ್ಟಿತ್ತು. "ನನ್ನ ಹೇಣ್ತಿ ಸತ್ತಾಗ ಇವನ ತಂಗಿ ಇನ್ನೂ ಮೊಲಿ ಕುಡಿಯೂ ಕೂಸು. ಯಾರು ಎತಗೊಂಡ್ರೂ ಅಳಾದು ಬಿಡತಿರಲಿಲ್ಲ. ಇಂವಾ ಅವರವ್ವನ ಸೀರಿ ಸುತಗೊಂಡು, ಸೆರಗು ಹೊತ್ತು, ಆಕಿ ಹಂಗ ನಡಕೋತ, ಆಕಿ ಹಂಗ ಲಾಲಿ ಹಾಡತಿದ್ದ. ಕೂಸು ಅವ್ವ ಬಂದಾಳಂತ ತಿಳದು ನಿದ್ದಿ ಮಾಡತಿತ್ತು. ಕತ್ತಲದಾಗ ನನಗ ಸೈತ ಎದಿ ಝಲ್ ಅಂತಿತ್ತು. ಇಂವಗ ಹೆಂಗಸರ ಪಾರ್ಟು ಬರಂಗಿಲ್ಲಂತ ಹೇಳಾಕ ನೀ ಬೆಳಗಾವಿಲೆ ಬಂದಿಯೇನಲೇ? ನಿನ್ನ ಕಣ್ಣು ನೆಟ್ಟಗ ಅದಾವೋ ಇಲ್ಲೋ?"

ಶಿಂಪಿಗ ನನ್ನ ಕಡೆ ನೋಡಲಿಲ್ಲ. ಮುದುಕನ ಮುಖವನ್ನೇ ನೋಡುತ್ತ, ಒಂದು ಗಳಿಗೆ ಯೋಚಿಸಿ, "ಕಣ್ಣು ನೆಟ್ಟಗನ ಅದಾವ್ರಿ. ರಾಣೀನ ಸೊಟ್ಟ ಇದ್ದಳು," ಎಂದ.

ಮುದುಕ ಕೋಲಿಗೆ ಕೈ ಹಾಕಿದ. ಬಾಗಿಲಲ್ಲಿದ್ದವನು ಓಡಿ ಬಂದು ನಡುವೆ ನಿಂತ. "ಹೋಗ್ಲಿ ಬಿಡಪ್ಪಾ. ಅವರು ಅನ್ನೂದು ಖರೇ ಐತಿ. ನಾ ಕೆಟ್ಟನ ಮಾಡಿದ್ದೆ."

ಮುದುಕ ಗೋಡೆಯ ಕಡೆ ತಿರುಗಲಿಲ್ಲ. ಮಗನ ಮುಖಕ್ಕೇ ಕೋಲು ತೋರಿಸಿದ. "ನೀ ಸುಮ್ಮ ಕುಂದರಲೇ! ನಿನಗೇನ ತಿಳೀತೈತಿ?"

ಮೀಸೆ ಬೋಳಿಸಿಕೊಂಡು ಬಂದ ದಿನದ ಮೇಲೆ ಅಪ್ಪ ಅವನಿಗೆ ಆಡಿದ ಮೊದಲ ಮಾತು ಅದು. ಮಗ ಅಪ್ಪ ಹೇಳಿದ ಹಾಗೆ ಕೇಳಿದ. ಇದ್ದಲ್ಲೇ ನೆಲದ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಶಿಂಪಿಗ ಒಂದು ಗುಟುಕು ನೀರು ಕುಡಿದು, ರಾಣಿಯ ಇನ್ನೊಂದು ಐಬು ಶುರು ಮಾಡಿದ.