ಕೃಪೆ: ಅಂತರ್ಜಾಲ

ವರ್ತೂರು ಕೆರೆ ಏರಿಯ ಮೇಲೆ ನಿಂತು, ಅದೇ ಕೆರೆಯ ನೊರೆ ಬಗ್ಗೆ ನಾನು ಯಾರಿಗೆ ಪಾಠ ಹೇಳಿದೆ, ಊಹಿಸಿ ನೋಡೋಣ. ಬೇಡ ಬಿಡಿ, ನಾನೇ ಹೇಳ್ತೀನಿ, ತಡೆಯೋಕಾಗ್ತಿಲ್ಲ.

ಬೆಳಗಿನ ವಾಕಿಂಗ್ ಹೋಗಿದ್ದೆ. ಒಬ್ಬ ಹೆಣ್ಣುಮಗಳು ಬಾಟಲಿಗೆ ಕೆರೆ ನೀರು ತುಂಬುತ್ತಿದ್ದರು. ರಿಟೈರಾದವನು ಕೇಳುವ ಕಿವಿ ಸಿಕ್ಕರೆ ಬಿಡುವುದುಂಟೇ? ನಮ್ಮ ಅಪಾರ್ಟ್‌ಮೆಂಟಿನ ವೆಬ್‌ಸೈಟಿಗೆ ಬರೆದಿದ್ದ ನನ್ನ ಲೇಖನವನ್ನು ಮೊಬೈಲಿನಲ್ಲಿ ತೆಗೆದು ಗಟ್ಟಿಯಾಗಿ ಓದತೊಡಗಿದೆ. ಒಂದು ಸಾಲಿನ ಅರ್ಧ ನಾನು ಓದಿದೆ. ಉಳಿದರ್ಧವನ್ನು ಆಕೆ ತಲೆ ಕೂಡ ಎತ್ತದೆ ಬಾಯಿಪಾಠ ಒಪ್ಪಿಸಿದರು.

"ನಮ್ಮ ವೆಬ್‌ಸೈಟ್ ಓದ್ತೀರಾ ಮೇಡಂ?" ಎಂದು ಹಿಗ್ಗಿದೆ.

"ಆ ಪ್ಯಾರಾ ಬರೆದದ್ದೇ ನಾನು ಸಾರ್, ನನ್ನ ಬ್ಲಾಗಿನಲ್ಲಿ. ಎರಡು ವರ್ಷ ಈ ನೀರು ಹೊತ್ತು ಬರೆದೆ. ಈಗ ನಿಮ್ಮಿಂದ ಕದ್ದಿದ್ದೀನಿ ಅಂತ ಕಾಲೇಜಿನ ಕಂಪ್ಯೂಟರ್ ನನ್ನ ಥೀಸಿಸ್ ತಡೆದಿದೆ. ಕೆಳಗೆ ಏನು ಹಾಕಿದ್ದೀರಿ, ಅದನ್ನೂ ಓದಿ."

ಓದಿದೆ. "ಕೃಪೆ: ಅಂತರ್ಜಾಲ."

"ಅಂತರ್ಜಾಲ ಯಾವತ್ತಾದ್ರೂ ಕೆರೆಗೆ ಇಳಿದಿತ್ತಾ ಸಾರ್?"

ಅಲ್ಲೇ ಕಲ್ಲಿನ ಮೇಲೆ ಕೂತು, ಆಕೆ ಹೇಳಿದಂತೆ ತಿದ್ದಿದೆ. ಅವರ ಹೆಸರು, ಅವರ ಮೂಲ ಲೇಖನದ ಹೆಸರು, ಲಿಂಕು, ಪ್ರಕಟವಾದ ದಿನ ಎಲ್ಲ ಹಾಕಿದೆ. ತಪ್ಪು ನನ್ನದೆಂದು ಕಾಲೇಜಿಗೂ ಪತ್ರ ಬರೆದೆ. ಮೊನ್ನೆ ಅವರ ಫೋನ್ ಬಂತು: "ಥೀಸಿಸ್ ಪಾಸಾಯ್ತು ಸಾರ್. ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರೂ ಇದೆ." ಇನಿಶಿಯಲ್ ಸಮೇತ ಇದೆ, ತರಿಸಿಕೊಂಡು ನೋಡಿದೆ.

ದಿನ ಹಾಕದಿದ್ದರೆ ಅದು ಮೂಲವೇ ಅಲ್ಲ ಎಂದು ಆಕೆ ಅವತ್ತು ಗದರಿದ್ದರು. ಅದಕ್ಕೇ ಇದನ್ನೂ ಹೇಳಿಬಿಡ್ತೀನಿ: ನಾನು ಪಾಠ ಹೇಳಲು ಹೋಗಿ ಕಲಿತು ಬಂದದ್ದು ಯುಗಾದಿಯ ಮಾರನೆಯ ದಿನ, ಶುಕ್ರವಾರ.